ತೋಟದ ಪತ್ರ ಬೀರುವಿನಲ್ಲೇ ಇರಲಿ

ತಂಗೀ, ಕೋಲಾರದಲ್ಲಿ ಡಿಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ, ಮುಗಿಸಿ ಎರಡು ವರ್ಷ ಲ್ಯಾಬ್‌ನಲ್ಲಿ ದುಡಿದಿದ್ದೀಯ. ಕೆನಡಾದ ಬ್ರಾಂಪ್ಟನ್‌ನಲ್ಲಿ ಯಾವುದೋ ಕೆರಿಯರ್ ಕಾಲೇಜು, ಮೆಡಿಕಲ್ ಲ್ಯಾಬ್ ಅಸಿಸ್ಟೆಂಟ್ ಕೋರ್ಸ್ ಅಂತ ಏಜೆಂಟು ಹೇಳಿದ್ದಾನೆ. ಅಪ್ಪ ಟೊಮೆಟೊ ತೋಟ ಅಡ ಇಡೋಕೆ ಹೊರಟಿದ್ದಾರೆ, ಬರಲಾ ಅಂತ ಕೇಳಿದ್ದೀಯ. ಪತ್ರ ಸದ್ಯಕ್ಕೆ ಬೀರುವಿನಲ್ಲೇ ಇರಲಿ.

ನಾನೂ ಮುಳಬಾಗಿಲಿನವಳೇ. ಅಂಥದ್ದೇ ಕಾಲೇಜಲ್ಲಿ ಅದೇ ಕೋರ್ಸ್ ಓದಿದೆ, ಅದರಿಂದಲೇ ಇವತ್ತು ಅನ್ನ. ಆದರೆ ಸೇರುವಾಗ ನನ್ನ ಕೈಯಲ್ಲಿ ಪಿಆರ್, ಅಂದರೆ ಕೆನಡಾದಲ್ಲೇ ಕಾಯಂ ಇರೋ ಅನುಮತಿ, ಇತ್ತು. ನಿನಗೆ ಓದಿನ ಜೊತೆ ವರ್ಕ್ ಪರ್ಮಿಟ್ಟೂ ಬೇಕು, ಅಲ್ವಾ? ಬ್ರಾಂಪ್ಟನ್ ಇರೋ ಒಂಟಾರಿಯೋ ಪ್ರಾಂತ್ಯದ ಖಾಸಗಿ ಕೆರಿಯರ್ ಕಾಲೇಜಲ್ಲಿ ಓದಿದವರಿಗೆ, ಓದು ಮುಗಿದ ಮೇಲೆ ದುಡಿಯೋಕೆ ಕೊಡುವ ಪೋಸ್ಟ್ ಗ್ರಾಜುಯೇಷನ್ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಸರ್ಕಾರಿ ಕಾಲೇಜಿನ ಜೊತೆ ಟೈಅಪ್ ಇದೆ ಅಂದರೂ ನಂಬಬೇಡ. 2024ರ ಮೇ 15ರಿಂದ ಸೇರಿದವರಿಗೆ ಆ ದಾರಿಯೂ ಮುಚ್ಚಿದೆ. ಕಾಲೇಜಿಗೆ ಡಿಎಲ್‌ಐ ನಂಬರ್, ಅಂದರೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳೋ ಮಾನ್ಯತೆ, ಇದ್ದರೆ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಬಹುದು, ಅಷ್ಟೇ. ಏಜೆಂಟುಗಳು ಎರಡನ್ನೂ ಕಲಸಿ ಬಡಿಸುತ್ತಾರೆ.

ಇನ್ನು ಕೋರ್ಸ್‌ನಲ್ಲಿ ಏನಿದೆ? ರಬ್ಬರ್ ಕೈಗೆ ಸೂಜಿ ಚುಚ್ಚಿಸುತ್ತಾರೆ. ರಕ್ತ ತುಂಬುವಾಗ ತಿಳಿನೀಲಿ ಮುಚ್ಚಳದ ಟ್ಯೂಬು ಮೊದಲು, ನೇರಳೆ ಆಮೇಲೆ, ಬೂದು ಕೊನೆಗೆ. ನಿನಗೆ ನಿದ್ದೆಯಲ್ಲೂ ಬರುವ ಕೆಲಸ, ಅದಕ್ಕೆ ಸುಮ್ನೆ ಲಕ್ಷಗಟ್ಟಲೆ ಸುರಿಯಬೇಕಾ? ನನಗೆ ಹೊಸದು ಅನಿಸಿದ್ದು ಮಾತು. ಕೆಲಸದ ಮೊದಲ ದಿನ ಫಾರಂ ನೋಡಿ ನಾನೇ ಹೆಸರು ಓದಿ, 'ನೀವೇ ತಾನೆ?' ಅಂದೆ. ರಕ್ತ ಕೊಡೋಕೆ ಬಂದಿದ್ದ ಅಜ್ಜ ತಲೆಯಾಡಿಸಿದರು. ನನ್ನ ಸೂಪರ್‌ವೈಸರ್ ಪಕ್ಕಕ್ಕೆ ಕರೆದು ಚೆನ್ನಾಗಿ ಬೈದಳು. ಕಿವಿ ಮಂದ ಇರುವವರು ಯಾವ ಹೆಸರಿಗೂ ತಲೆಯಾಡಿಸುತ್ತಾರಂತೆ. ಹೆಸರು, ಹುಟ್ಟಿದ ದಿನ ಅವರ ಬಾಯಿಂದಲೇ ಬರಬೇಕು. ಜನವರಿಯಲ್ಲಂತೂ ಹೊರಗಿನ ಚಳಿಗೆ ನರ ಒಳಗೆ ಹೋಗಿಬಿಟ್ಟಿರುತ್ತೆ. ಬಿಸಿ ಟವೆಲ್ ಸುತ್ತಿ, ಊರು ಕೇರಿ ವಿಚಾರಿಸುತ್ತಾ ಕಾಯಬೇಕು.

ನೀನು ಮೊದಲು ಇಲ್ಲಿ ಲ್ಯಾಬ್ ಟೆಕ್ನಾಲಜಿಸ್ಟ್ ಆಗೋಕೆ ನಿನ್ನ ಓದು, ಅನುಭವ ಸಾಕಾ ಅಂತ ಅಸೆಸ್ ಮಾಡಿಸು. ಅಸಿಸ್ಟೆಂಟ್‌ಗಿಂತ ಅದು ದೊಡ್ಡ ಕೆಲಸ, ಸಂಬಳವೂ ಜಾಸ್ತಿ. ಓದಲೇಬೇಕು ಅಂದರೆ ಸರ್ಕಾರಿ ಕಾಲೇಜು ನೋಡು. ಅಲ್ಲೂ ವರ್ಕ್ ಪರ್ಮಿಟ್ ಪಟ್ಟಿಯಲ್ಲಿ ನಿನ್ನ ಕೋರ್ಸ್ ಇದೆಯಾ ಅಂತ ಇಮಿಗ್ರೇಷನ್ ಇಲಾಖೆಯ ಸೈಟ್‌ನಲ್ಲೇ ನೋಡಬೇಕು. 2025ರ ಸೆಪ್ಟೆಂಬರ್‌ನಿಂದ ಫೀಸು, ಟಿಕೆಟ್ ಬಿಟ್ಟು ಒಬ್ಬರ ಖರ್ಚಿಗೇ 22,895 ಕೆನಡಾ ಡಾಲರ್ ಇದೆ ಅಂತ ಸ್ಟಡಿ ಪರ್ಮಿಟ್ ಅರ್ಜಿಯಲ್ಲಿ ತೋರಿಸಬೇಕು. ಕ್ಲಾಸ್ ನಡೆಯುವಾಗ ವಾರಕ್ಕೆ 24 ಗಂಟೆ ಮಾತ್ರ ಹೊರಗೆ ದುಡಿಯಬಹುದು. ಅದರಲ್ಲಿ ಅಪ್ಪನ ಸಾಲ ತೀರಿಸುತ್ತೀನಿ ಅನ್ನೋ ಲೆಕ್ಕ ಬಿಟ್ಟುಬಿಡು.

ಏಜೆಂಟಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಆಫರ್ ಲೆಟರ್ ಬಂದಿದ್ದರೆ ಕಳಿಸು, ಭಾನುವಾರ ಕೂತು ನೋಡುತ್ತೀನಿ.