ಓದುಗರ ಪ್ರಶ್ನೆ: ಬಿರುಬೇಸಿಗೆಯ ಫಸಲು, ಇಟಲಿಯ ಕೆಂಪು ವೈನ್

ಪ್ರಶ್ನೆ: 2003ರ ಬರೋಲೊ ಎರಡು ಬಾಟಲಿ ಉಡುಗೊರೆಯಾಗಿ ಬಂದಿವೆ. ಆ ವರ್ಷ ಯುರೋಪಿನಲ್ಲಿ ವಿಪರೀತ ಬಿಸಿಲಿತ್ತು ಎನ್ನುತ್ತಾರೆ. ಬಿಸಿಲು ಹೆಚ್ಚಿದಷ್ಟೂ ದ್ರಾಕ್ಷಿ ಸಿಹಿಯಾಗಿ ವೈನ್ ಚೆನ್ನಾಗಿರಬೇಕಲ್ಲವೇ? ಇನ್ನೂ ಇಡಬಹುದೇ?
(ಸ್ಟುಟ್‌ಗಾರ್ಟ್)

ಉತ್ತರ: ಸಿಹಿ ಹೆಚ್ಚುವುದು ನಿಜ. ಆದರೆ ಬರೋಲೊದ ಬೆಲೆ ಇರುವುದು ಸಿಹಿಯಲ್ಲಲ್ಲ. ಹುಳಿ, ಒಗರು, ಪರಿಮಳ ಮೂರೂ ಒಟ್ಟಿಗೆ ಹದಕ್ಕೆ ಬರುವುದರಲ್ಲಿ. ಅತಿಯಾದ ಬಿಸಿಲು ಕೆಡಿಸುವುದು ಈ ಹೊಂದಾಣಿಕೆಯನ್ನೇ.

ಉಷ್ಣಾಂಶ 35 ಡಿಗ್ರಿಯ ಆಸುಪಾಸು ದಾಟಿ, ಮಣ್ಣಿನಲ್ಲೂ ತೇವ ಇಲ್ಲದಿದ್ದರೆ ಬಳ್ಳಿ ನೀರು ಉಳಿಸಿಕೊಳ್ಳಲು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಸಿಪ್ಪೆ, ಬೀಜ ಮಾಗುವುದು ಕುಂಠಿತವಾಗುತ್ತದೆ, ಸಿಪ್ಪೆಗೆ ಬಣ್ಣವೂ ಸರಿಯಾಗಿ ಕಟ್ಟುವುದಿಲ್ಲ. ಹಣ್ಣಿನ ನೀರು ಮಾತ್ರ ಆರುತ್ತಾ ಹೋಗುವುದರಿಂದ ಸಕ್ಕರೆ ಸಾಂದ್ರವಾಗುತ್ತದೆ. ರಾತ್ರಿಯೂ ತಂಪಾಗದಿದ್ದರೆ ಹಣ್ಣಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಇಳಿಯುತ್ತದೆ. ರೈತ ಇಕ್ಕಟ್ಟಿಗೆ ಸಿಕ್ಕಿಬೀಳುವುದು ಇಲ್ಲಿ: ಬೇಗ ಕೊಯ್ದರೆ ಒಗರು ಹಸಿಯಾಗಿಯೇ ಉಳಿಯುತ್ತದೆ, ಕಾದರೆ ಸಕ್ಕರೆ ಮಿತಿ ಮೀರಿ ವೈನಿಗೆ ಒಣದ್ರಾಕ್ಷಿಯ ವಾಸನೆ ಬರುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಆಲ್ಕೋಹಾಲ್ ಶೇ. 1ರಷ್ಟು ಏರುತ್ತದೆ. ಅಂದರೆ 255 ಗ್ರಾಂ ಸಕ್ಕರೆಯ ರಸ ಶೇ. 15ರ ವೈನ್ ಆಗುತ್ತದೆ. ಸಕ್ಕರೆ ಅಷ್ಟಾದಾಗ ಯೀಸ್ಟ್ ಸುಸ್ತಾಗಿ ಹುದುಗುವಿಕೆ ಅರ್ಧಕ್ಕೇ ನಿಲ್ಲುವ ಅಪಾಯವಿದೆ. ನಿಂತರೆ ಬ್ಯಾಕ್ಟೀರಿಯಾ ಸೇರಿ ವಿನೆಗರ್ ಹುಳಿ ಹುಟ್ಟುತ್ತದೆ.

ಬರೋಲೊ ಪೂರ್ತಿ ನೆಬ್ಬಿಯೋಲೊ ದ್ರಾಕ್ಷಿಯಿಂದಲೇ ಆಗಬೇಕು. ಈ ತಳಿ ನಿಧಾನಕ್ಕೆ ಮಾಗುವಂಥದ್ದು, ಕೊಯ್ಲು ವಾಡಿಕೆಯಂತೆ ಅಕ್ಟೋಬರ್‌ಗೆ. 2003ರಲ್ಲಿ ಬರೋಲೊದ ತವರಾದ, ವಾಯುವ್ಯ ಇಟಲಿಯ ಪಿಯೆಮೊಂಟೆಯ ಅನೇಕ ತೋಟಗಳಲ್ಲಿ ಸೆಪ್ಟೆಂಬರ್‌ನಲ್ಲೇ ಕೊಯ್ಲು ನಡೆಯಿತು. ಹಿಂದಿನ ವರ್ಷ, 2002ರಲ್ಲಿ, ಮಳೆ, ಚಳಿ, ಆಲಿಕಲ್ಲಿಗೆ ಫಸಲು ಹಾಳಾಗಿತ್ತು. ತೇವದ ವರ್ಷಗಳಲ್ಲಿ ಗೊಂಚಲಿಗೆ ಬಿಸಿಲು, ಗಾಳಿ ಸಿಗಲೆಂದು ಎಲೆ ಕೀಳುತ್ತಾರೆ; 2003ರಲ್ಲಿ ಅದೇ ರೂಢಿಯಲ್ಲಿ ಎಲೆ ಕಿತ್ತ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಸುಟ್ಟಿತು. ಎಲೆಯ ನೆರಳು ಉಳಿಸಿಕೊಂಡವರು, ಬೇರು ಆಳಕ್ಕಿಳಿದ ಹಳೆಯ ಬಳ್ಳಿಗಳಿದ್ದವರು, ದಕ್ಷಿಣದ ಬಿಸಿಲಿಗೆ ನೇರವಾಗಿ ಒಡ್ಡಿಕೊಳ್ಳದ ಎತ್ತರದ ಇಳಿಜಾರಿನವರು ಒಳ್ಳೆಯ ವೈನನ್ನೇ ಮಾಡಿದರು. ಆದ್ದರಿಂದ 2003 ಎಂದ ಕೂಡಲೇ ತಳ್ಳಿಹಾಕುವ ಮಾತನ್ನು ನಾವು ಒಪ್ಪುವುದಿಲ್ಲ. ಆ ವರ್ಷ ತೋಟದಿಂದ ತೋಟಕ್ಕೆ ಇರುವ ಅಂತರ ತೀರ ಹೆಚ್ಚು, ಅಷ್ಟೇ.

ಇಡಬಹುದೇ ಎಂಬುದಕ್ಕೆ ಉತ್ತರ: ಬೇಡ. ಹುಳಿ ಕಡಿಮೆಯಿರುವ ವೈನ್ ಬೇಗ ಮುದಿಯಾಗುತ್ತದೆ. ಇಷ್ಟು ವರ್ಷ ತಾಳಿದ್ದೇ ಹೆಚ್ಚು. ಒಂದನ್ನು ಈಗಲೇ ತೆರೆಯಿರಿ. ಅದರಲ್ಲಿ ಜೀವವಿದ್ದರೂ ಎರಡನೆಯದನ್ನು ವರ್ಷದೊಳಗೆ ಮುಗಿಸಿ.

ಪ್ರಶ್ನೆ: ಇಪ್ಪತ್ತು ವರ್ಷ ದಾಟಿದ ಬಾಟಲಿಯನ್ನು ತೆರೆಯುವ ಕ್ರಮ ಹೇಗೆ? ಹಿಂದೊಮ್ಮೆ ಬಿರಡೆ ಪುಡಿಯಾಗಿ ಒಳಗೆ ಬಿತ್ತು.
(ಮೈಸೂರು)

ಉತ್ತರ: ತೆರೆಯುವ ಎರಡು ದಿನ ಮೊದಲೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿಯೆಲ್ಲ ತಳಕ್ಕೆ ಇಳಿಯಬೇಕು. ಕುತ್ತಿಗೆಯ ಹಾಳೆಯನ್ನು ಅಂಚಿನ ಕೆಳಗಿನವರೆಗೆ ಪೂರ್ತಿ ಬಿಡಿಸಿ, ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಬಿರಡೆಗೆ ತಿರುಪಿನ ಓಪನರ್ ಸಲ್ಲದು, ಅದು ನಡುವನ್ನೇ ಕೊರೆದು ಪುಡಿಮಾಡುತ್ತದೆ. ಎರಡು ತೆಳು ಅಲಗಿನ ಓಪನರ್ ಸಿಗುತ್ತದೆ. ಉದ್ದದ ಅಲಗನ್ನು ಮೊದಲು, ಆಮೇಲೆ ಗಿಡ್ಡದ್ದನ್ನು ಗಾಜು ಮತ್ತು ಬಿರಡೆಯ ನಡುವೆ ತೂರಿಸಿ, ಆಚೀಚೆ ಅಲುಗಿಸುತ್ತಾ ಒಳಗಿಳಿಸಿ, ತಿರುಗಿಸುತ್ತಾ ನಿಧಾನವಾಗಿ ಮೇಲೆತ್ತಿ. ಬಿರಡೆ ಸಡಿಲವಾಗಿದ್ದರೆ ಅಲಗನ್ನು ಒತ್ತಿದಾಗ ಒಳಕ್ಕೆ ಜಾರುತ್ತದೆ. ಅಂಥದ್ದಕ್ಕೆ ಬಲ ಹಾಕಬೇಡಿ. ಪುಡಿ ಬಿದ್ದರೂ ವೈನ್ ಕೆಡದು, ಸಣ್ಣ ಜಾಲರಿಯ ಸ್ಟೀಲ್ ಸೋಸಣಿಗೆಯಲ್ಲಿ ಸೋಸಿ.

ಮೊದಲು 30 ಮಿ.ಲೀ. ಬಗ್ಗಿಸಿ ರುಚಿ ನೋಡಿ. ಬರೋಲೊದ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗಿದ್ದರೆ ಗಾಬರಿ ಬೇಡ, ನೆಬ್ಬಿಯೋಲೊ ಹುಟ್ಟಿನಿಂದಲೇ ತಿಳಿಬಣ್ಣದ್ದು, ಬೇಗ ಕಂದುತ್ತದೆ. ಬೇಯಿಸಿದ ಹಣ್ಣು, ಒಣದ್ರಾಕ್ಷಿಯ ವಾಸನೆ 2003ರಂಥ ಬಿಸಿಲಿನ ವರ್ಷದ ಗುಣ, ದೋಷವಲ್ಲ. ಉಗುರುಬಣ್ಣ ತೆಗೆಯುವ ದ್ರಾವಣದಂತೆ ಘಾಟು ಬಂದರೆ ಅದು ದೋಷ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಬಂದ ಕೇಡು. ಎಷ್ಟು ಗಾಳಿಯಾಡಿಸಿದರೂ ಹೋಗದು, ಎರಡನೆಯ ಬಾಟಲಿ ಇದ್ದರೆ ಅದನ್ನು ತೆರೆಯಿರಿ. ಎರಡರಲ್ಲೂ ಹಣ್ಣಿನ ಸುಳಿವಿಲ್ಲದೆ ಬರೀ ಸಪ್ಪೆಯಿದ್ದರೆ ತಪ್ಪು ಬಹುಪಾಲು ಸಂಗ್ರಹದ್ದು.

ರುಚಿ ಸರಿಯಿದ್ದರೆ ಕುತ್ತಿಗೆಯ ಹಿಂದೆ ಟಾರ್ಚ್ ಹಿಡಿದು, ಒಂದೇ ಓಟದಲ್ಲಿ ಗಾಜಿನ ಹೂಜಿಗೆ ಬಗ್ಗಿಸಿ. ಗಸಿ ಬಾಟಲಿಯ ಭುಜಕ್ಕೆ ಬಂದಾಗ ನಿಲ್ಲಿಸಿ. ಸುಮಾರು 50 ಮಿ.ಲೀ. ಉಳಿಯುತ್ತದೆ, ಅದರ ಆಸೆ ಬಿಡಿ. ಹೂಜಿಗೆ ಹಾಕಿದ ಮೇಲೆ ಗಂಟೆ, ಎರಡು ಗಂಟೆಯೊಳಗೆ ಕುಡಿಯಬೇಕು. 2017ರಂಥ ಎಳೆಯ ಬರೋಲೊ ಆದರೆ ಲೆಕ್ಕ ಬೇರೆ, ಅದಕ್ಕೆ ಹೂಜಿಯಲ್ಲೇ ಎರಡು ಗಂಟೆ ಗಾಳಿ ಬೇಕು.

ಪ್ರಶ್ನೆ: ಅಂಗಡಿಯಲ್ಲಿ 2017ರ ಬ್ರುನೆಲ್ಲೊ ಸಿಗುತ್ತಿದೆ. ಅದೂ ಬಿಸಿಲಿನ ವರ್ಷವೇ. ಲೇಬಲ್ ನೋಡಿ ಏನನ್ನು ತಿಳಿಯಬಹುದು?
(ಬೆಂಗಳೂರು)

ಉತ್ತರ: ಮೊದಲು ಆಲ್ಕೋಹಾಲ್ ಅಂಕಿ ನೋಡಿ. ಯುರೋಪಿನ ನಿಯಮದಲ್ಲಿ ಲೇಬಲ್ಲಿನ ಅಂಕಿ ನಿಜದಿಂದ ಶೇ. 0.5ರಷ್ಟು ಆಚೀಚೆ ಇರಲು ಅವಕಾಶವಿದೆ, 14.5 ಎಂದಿದ್ದರೆ ಒಳಗೆ 15 ಇರಬಹುದು. ಬಿಸಿಲಿನ ವರ್ಷದ ಬಾಟಲಿಯಲ್ಲಿ 15 ಎಂದೇ ಬರೆದಿದ್ದರೆ ನಾವು ಹಿಂಜರಿಯುತ್ತೇವೆ.

ಆಮೇಲೆ ತೋಟದ ಜಾಗ. ಬ್ರುನೆಲ್ಲೊ ಪೂರ್ತಿ ಸಾಂಜೊವೇಸೆ ದ್ರಾಕ್ಷಿಯದು, ಟಸ್ಕನಿಯ ಮೊಂತಾಲ್ಚಿನೊ ಗುಡ್ಡದ ಸುತ್ತ ಬೆಳೆಯುತ್ತದೆ. ಗುಡ್ಡದ ದಕ್ಷಿಣಕ್ಕಿರುವ ಸಾಂತಾಂಜೆಲೊ ಇನ್ ಕೊಲ್ಲೆಯಂಥ ಕಡೆ ಸೆಕೆ ಹೆಚ್ಚು. ತಂಪು ವರ್ಷದಲ್ಲಿ ಅದು ವರ, ಬಿಸಿಲಿನ ವರ್ಷದಲ್ಲಿ ಹೊರೆ. ಉತ್ತರದ ಇಳಿಜಾರು ಅಥವಾ 400 ಮೀಟರ್ ಮೇಲಿನ ತೋಟವಾದರೆ ಧೈರ್ಯವಾಗಿ ಕೊಳ್ಳಿ. ಜಾಗ ಲೇಬಲ್ಲಿನಲ್ಲಿ ಇಲ್ಲದಿದ್ದರೆ ತಯಾರಕರ ಜಾಲತಾಣದಲ್ಲಿ ಹುಡುಕುವುದು ಐದು ನಿಮಿಷದ ಕೆಲಸ, ಆ ಬೆಲೆ ಕೊಡುವಾಗ ಅಷ್ಟು ಮಾಡಲೇಬೇಕು. ಬ್ರುನೆಲ್ಲೊ ಕೊಯ್ಲಾದ ಐದನೆಯ ವರ್ಷದ ಜನವರಿ 1ಕ್ಕೆ ಮೊದಲು ಮಾರುಕಟ್ಟೆಗೆ ಬರುವಂತಿಲ್ಲ. ಹೆಚ್ಚು ಕಾಲ ಮಾಗಿಸಿ ಮಾರುವ ‘ರಿಸರ್ವಾ’ ಇನ್ನೂ ಒಂದು ವರ್ಷ ತಡ. ಬಿಸಿಲಿನ ವರ್ಷದ ರಿಸರ್ವಾಗೆ ಹೆಚ್ಚು ಹಣ ಸುರಿಯಬೇಡಿ. ಮೊದಲೇ ಹುಳಿ ಕಡಿಮೆಯಿರುವ ವೈನಿಗೆ ಹೆಚ್ಚು ಕಾಲದ ಮಾಗುವಿಕೆಯಿಂದ ಲಾಭ ಅಪರೂಪ.

ಪ್ರಶ್ನೆ: ಮನೆಯಲ್ಲಿ ವೈನ್ ಫ್ರಿಜ್ ಇಲ್ಲ. ಎಲ್ಲಿಡಲಿ? ಕುಡಿಯುವಾಗ ತಣ್ಣಗೆ ಮಾಡಬೇಕೇ?
(ಹುಬ್ಬಳ್ಳಿ)

ಉತ್ತರ: ಅಟ್ಟ, ಅಡುಗೆಮನೆ, ಫ್ರಿಜ್ಜಿನ ತಲೆ ಈ ಮೂರೂ ಬೇಡ. ಬೇಕಿರುವುದು 12ರಿಂದ 14 ಡಿಗ್ರಿ. ನಮ್ಮ ಏಪ್ರಿಲ್ಲಿನ ಕೋಣೆಯಲ್ಲಿ ವೈನ್ ಹಿಗ್ಗಿ ಬಿರಡೆಯ ಪಕ್ಕದಿಂದ ಒಸರುತ್ತದೆ, ಗಾಳಿ ಒಳಗೆ ಹೊಕ್ಕುತ್ತದೆ. ಕೆಲವು ತಿಂಗಳ ಮಟ್ಟಿಗೆ ಮಾಮೂಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಮಲಗಿಸಿಡುವುದೇ ವಾಸಿ. ವರ್ಷಗಟ್ಟಲೆ ಇಡುವ ಆಸೆಯಿದ್ದರೆ ವೈನ್ ಫ್ರಿಜ್ ಕೊಳ್ಳಿ, ಇಲ್ಲವೇ ಬಾಟಲಿಯನ್ನೇ ಕೊಳ್ಳಬೇಡಿ.

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಮಾತು ಚಳಿದೇಶದ ಕೋಣೆಗೆ ಸರಿ. 28 ಡಿಗ್ರಿಯಲ್ಲಿ ಶೇ. 15ರ ವೈನ್ ಮೂಗಿಗೆ ಸ್ಪಿರಿಟ್ಟಿನಂತೆ ಹೊಡೆಯುತ್ತದೆ. ಬಿಸಿಲಿನ ವರ್ಷದ್ದನ್ನು 16 ಡಿಗ್ರಿಗೆ ಇಳಿಸಿ: ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಸುಮಾರು 10 ನಿಮಿಷ, ಫ್ರಿಜ್ಜಿನಲ್ಲಾದರೆ ಒಂದೂವರೆ ಗಂಟೆ ಮೇಲೆ. ಗಸಿಯಿರುವ ಹಳೆಯ ಬಾಟಲಿಯನ್ನು ನಿಲ್ಲಿಸಿಯೇ ತಣಿಸಿ.

ಪ್ರಶ್ನೆ: ಪಂದಿಕರಿಯ ಜೊತೆ ಬರೋಲೊ ಹೊಂದುತ್ತದೆಯೇ?
(ಮಡಿಕೇರಿ)

ಉತ್ತರ: ಬಿಸಿಲಿನ ವರ್ಷದ್ದು ಹೊಂದದು. ಕಾಚಂಪುಳಿಯ ಹುಳಿಯ ಮುಂದೆ ಹುಳಿ ಕಡಿಮೆಯಿರುವ ವೈನ್ ಸಪ್ಪೆಯಾಗುತ್ತದೆ. ಖಾರವಿದ್ದರೆ ಆಲ್ಕೋಹಾಲ್ ಬಾಯುರಿಯನ್ನು ಹೆಚ್ಚಿಸುತ್ತದೆ. ಹುಣಸೆ ಹಾಕಿದ ಸಾರಿಗೂ ಇದೇ ಮಾತು. ಅದೇ ಪಿಯೆಮೊಂಟೆಯ ಬಾರ್ಬೆರಾ ತನ್ನಿ. ಆ ತಳಿಗೆ ಹುಳಿ ಸಹಜವಾಗಿಯೇ ಹೆಚ್ಚು, ಒಗರು ಕಡಿಮೆ; ಬಿಸಿಲಿನ ವರ್ಷದಲ್ಲಿ ಹುಳಿ ಸ್ವಲ್ಪ ತಗ್ಗಿ ಅದು ಇನ್ನಷ್ಟು ಚೆನ್ನಾಗಿರುತ್ತದೆ, ಬೆಲೆಯೂ ಬರೋಲೊಗಿಂತ ಎಷ್ಟೋ ಕಡಿಮೆ. ಬರೋಲೊ ತೆರೆಯುವ ದಿನ ಖಾರ, ಹುಳಿ ತಗ್ಗಿಸಿ ಬೆಣ್ಣೆಯಲ್ಲಿ ಹುರಿದ ಅಣಬೆ ಅಥವಾ ನಿಧಾನವಾಗಿ ಬೇಯಿಸಿದ ಕುರಿಮಾಂಸ ಮಾಡಿ. ಮಾಂಸದ ಪ್ರೋಟೀನ್ ಒಗರನ್ನು ಹಿಡಿದುಕೊಂಡು ವೈನನ್ನು ಮೆದುಗೊಳಿಸುತ್ತದೆ.

ಪ್ರಶ್ನೆ: ಇಟಲಿಯಿಂದ ಬರುವಾಗ ಎಷ್ಟು ಬಾಟಲಿ ತರಬಹುದು?
(ಮಂಗಳೂರು)

ಉತ್ತರ: ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ. 750 ಮಿ.ಲೀ.ಯ ಎರಡು ಬಾಟಲಿ ಸರಿ, ಮೂರನೆಯದು ಮಿತಿ ದಾಟಿಸುತ್ತದೆ. ಚೆಕ್-ಇನ್ ಪೆಟ್ಟಿಗೆಯ ನಡುವೆ ಬಟ್ಟೆ ಸುತ್ತಿ ಇಡಿ. ಊರಿಗೆ ಬಂದ ಮೇಲೆ ತಂಪು ಜಾಗದಲ್ಲಿ ಎರಡು ವಾರ ಮುಟ್ಟಬೇಡಿ, ಪ್ರಯಾಣದಲ್ಲಿ ಕದಡಿದ ಗಸಿ ಕೂರಲಿ.