ಬೀಗ ತೆರೆಯುವ ದಿನ ಎಲ್ಲರಿಗೂ ಗೊತ್ತಿರುವಾಗ

ಪ್ರಶ್ನೆ: ನನ್ನ ಬಳಿ ಆರ್ಬಿಟ್ರಮ್ ಎಂಬ ಕ್ರಿಪ್ಟೊ ಜಾಲದ ಸ್ವಲ್ಪ ಟೋಕನ್‌ಗಳಿವೆ. ಪ್ರತಿ ತಿಂಗಳು 16ರಂದು ಅದರ ‘ಅನ್‌ಲಾಕ್’ ಇರುತ್ತದೆ, ಎರಡು ದಿನ ಮೊದಲೇ ಮಾರಿ, ಬೆಲೆ ಇಳಿದ ಮೇಲೆ ಮತ್ತೆ ಕೊಳ್ಳಿ ಎಂದು ಸ್ನೇಹಿತರೊಬ್ಬರು ಸಲಹೆ ನೀಡಿದ್ದಾರೆ. ಇದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಟೋಕನ್ ಹೊರತರುವ ಸಂಸ್ಥೆಗಳು ತಮ್ಮ ತಂಡಕ್ಕೂ ಆರಂಭದ ಹೂಡಿಕೆದಾರರಿಗೂ ಮೀಸಲಿಟ್ಟ ಪಾಲನ್ನು ಇಂತಿಷ್ಟು ಕಾಲ ಮಾರದಂತೆ ಕಟ್ಟಿಹಾಕಿರುತ್ತವೆ, ಆ ಕಟ್ಟು ಬಿಚ್ಚುವುದೇ ಅನ್‌ಲಾಕ್. ಆವಕ ಹೆಚ್ಚಿದರೆ ದರ ಇಳಿಯುತ್ತದೆ ಎಂಬುದನ್ನು ನಿಮ್ಮೂರಿನ ಎಪಿಎಂಸಿಯಲ್ಲಿ ಕಂಡವರಿಗೆ ಸ್ನೇಹಿತರ ಮಾತು ಒಪ್ಪಿಗೆಯಾಗುವುದು ಸಹಜ. ಆದರೆ ನಾಳೆ ಮಂಡಿಗೆ ಎಷ್ಟು ಲಾರಿ ಮೆಕ್ಕೆಜೋಳ ಬಂದೀತೆಂದು ಇಂದು ಯಾರೂ ಖಚಿತವಾಗಿ ಹೇಳಲಾರರು. ಅನ್‌ಲಾಕ್‌ನ ದಿನವೂ ಪ್ರಮಾಣವೂ ಬಹಳ ಮೊದಲೇ ಪ್ರಕಟವಾಗಿರುತ್ತವೆ. ಹಾಗಾಗಿ ಮಾರಬೇಕೆಂದಿರುವವರು 16ನೇ ತಾರೀಖಿನವರೆಗೆ ಕಾಯುವುದಿಲ್ಲ.

ನಿಮ್ಮ ಟೋಕನ್ನಿನ ಚರಿತ್ರೆಯನ್ನೇ ನೋಡಿ. 2024ರ ಮಾರ್ಚ್ 16ರಂದು ಸುಮಾರು 111 ಕೋಟಿ ಆರ್ಬಿಟ್ರಮ್ ಟೋಕನ್‌ಗಳು ಒಂದೇ ಬಾರಿಗೆ ಬಿಡುಗಡೆಯಾದವು. ಅದಕ್ಕೆ ಮೊದಲು ಚಲಾವಣೆಯಲ್ಲಿದ್ದದ್ದು ಸುಮಾರು 127 ಕೋಟಿ, ಅಂದರೆ ಇದ್ದದ್ದರ ಶೇ 87ರಷ್ಟು ಹೊಸದಾಗಿ ಸೇರಿತು. ಆ ವರ್ಷದ ಜನವರಿಯಲ್ಲಿ 2 ಡಾಲರ್ ದಾಟಿದ್ದ ಬೆಲೆ ಏಪ್ರಿಲ್ ಮಧ್ಯದ ಹೊತ್ತಿಗೆ ಒಂದು ಡಾಲರಿನ ಆಸುಪಾಸಿಗೆ ಇಳಿದಿತ್ತು. ಇದೆಲ್ಲವೂ ಅನ್‌ಲಾಕ್‌ನ ಫಲವೆಂದು ತೀರ್ಮಾನಿಸುವಂತಿಲ್ಲ. ಬಿಟ್‌ಕಾಯಿನ್ ಕೂಡ ಮಾರ್ಚ್ 14ರಂದು ದಾಖಲೆಯ ಎತ್ತರ ಮುಟ್ಟಿ ಅದೇ ವಾರ ಜಾರತೊಡಗಿತ್ತು. ಅದಾದ ಮೇಲೆ ಮೂರು ವರ್ಷಗಳ ಕಾಲ ತಿಂಗಳಿಗೆ ಸುಮಾರು 9.26 ಕೋಟಿ ಟೋಕನ್ ಬಿಡುವ ವೇಳಾಪಟ್ಟಿ ಮೊದಲೇ ನಿಗದಿಯಾಗಿತ್ತು. ಮೊದಲ ದಿನದ 111 ಕೋಟಿಯನ್ನೂ ಪ್ರತಿ ತಿಂಗಳು ಬರುವ ಈ ಕಂತನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಚಲಾವಣೆ ಬೆಳೆದಂತೆಲ್ಲ ಅಷ್ಟೇ ಕಂತಿನ ಭಾರ ಹಗುರಾಗುತ್ತದೆ.

ದಿನಾಂಕ ತಿಳಿದಿದ್ದರೂ ಬೆಲೆ ಅದೇ ದಿನ ಕುಸಿದ ಉದಾಹರಣೆ ನಮ್ಮ ಷೇರುಪೇಟೆಯಲ್ಲೇ ಇದೆ: 2022ರ ಜುಲೈನಲ್ಲಿ ಜೊಮ್ಯಾಟೊ ಕಂಪನಿಯ 613 ಕೋಟಿ ಷೇರುಗಳ ಲಾಕ್‌ಇನ್ (ಮಾರದಂತೆ ಹಾಕಿದ್ದ ತಡೆ) ಮುಗಿದ ನಂತರದ ಮೊದಲ ವಹಿವಾಟಿನ ದಿನವೇ ಷೇರು ಶೇ 11ಕ್ಕೂ ಹೆಚ್ಚು ಬಿತ್ತು. ಆದ್ದರಿಂದ ದಿನಾಂಕಕ್ಕಿಂತ, ಟೋಕನ್ ಯಾರ ಕೈಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ಬಿಡಿಗಾಸಿಗೆ ಪಡೆದಿದ್ದ ಆರಂಭದ ಹೂಡಿಕೆದಾರನಿಗೆ ಬೆಲೆ ಅರ್ಧಕ್ಕಿಳಿದರೂ ಲಾಭವೇ, ಅವನು ಮಾರುವ ಸಂಭವ ಹೆಚ್ಚು. ಸಮುದಾಯದ ನಿಧಿಗೆ ಸೇರುವ ಪಾಲು ಪೇಟೆಗೆ ನಿಧಾನವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ದೊಡ್ಡ ಹೂಡಿಕೆದಾರರಲ್ಲಿ ಕೆಲವರು ಫ್ಯೂಚರ್ಸ್‌ನಲ್ಲಿ (ಮುಂದಿನ ದಿನದ ಬೆಲೆಗೆ ಇಂದೇ ಮಾಡುವ ಒಪ್ಪಂದ) ಮುಂಗಡವಾಗಿ ಶಾರ್ಟ್ ಮಾಡಿ, ಅಂದರೆ ಬೆಲೆ ಇಳಿದರೆ ಲಾಭ ಬರುವಂತೆ ಮೊದಲೇ ಮಾರಿಟ್ಟು, ಟೋಕನ್ ಕೈಸೇರಿದ ಮೇಲೆ ಅದನ್ನು ಮಾರಿ ಆ ಶಾರ್ಟನ್ನು ಮುಚ್ಚಿಕೊಳ್ಳುತ್ತಾರೆ. ಆಗ ಇಳಿತವೆಲ್ಲ ಮೊದಲೇ ಮುಗಿದಿದ್ದು, ಅನ್‌ಲಾಕ್ ದಿನ ಬೆಲೆ ಏರಿದರೂ ಅಚ್ಚರಿಯಿಲ್ಲ.

ಇನ್ನು ಸ್ನೇಹಿತರು ಮರೆತಂತೆ ಕಾಣುವ ತೆರಿಗೆ. 100 ರೂಪಾಯಿಗೆ ಕೊಂಡ ಟೋಕನ್ನನ್ನು 150ಕ್ಕೆ ಮಾರಿದಿರಿ ಎಂದಿಟ್ಟುಕೊಳ್ಳೋಣ. 50 ರೂಪಾಯಿ ಲಾಭದ ಮೇಲೆ ಶೇ 30 ತೆರಿಗೆ 15 ರೂಪಾಯಿ, ಸೆಸ್ 60 ಪೈಸೆ. ಉಳಿಯುವುದು 134 ರೂಪಾಯಿ 40 ಪೈಸೆ. ಬೆಲೆ ಶೇ 10ಕ್ಕಿಂತ ಹೆಚ್ಚು ಇಳಿಯದೆ ಅಷ್ಟೇ ಟೋಕನ್ ನಿಮಗೆ ಮರಳಿ ಸಿಗದು. ಈ ತೆರಿಗೆ ಎಂದಾದರೂ ಕಟ್ಟಲೇಬೇಕಾದದ್ದು ನಿಜ, ಆದರೆ ಇಂದೇ ಕಟ್ಟಿ ಕೈಯನ್ನು ಬರಿದು ಮಾಡಿಕೊಳ್ಳುವುದು ಬೇರೆ ಮಾತು. ಮಾರಾಟದ ಮೊತ್ತದಲ್ಲಿ ಶೇ 1 ಟಿಡಿಎಸ್ ಕೂಡ ಕಡಿತವಾಗಿ, ರಿಟರ್ನ್ ಸಲ್ಲಿಸುವವರೆಗೆ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಲೆಕ್ಕ ತಪ್ಪಿ ನಷ್ಟವಾದರೆ ಅದನ್ನು ಇನ್ನೊಂದು ಟೋಕನ್ನಿನ ಲಾಭದಲ್ಲಿ ಕಳೆಯಲೂ ಕಾನೂನು ಬಿಡುವುದಿಲ್ಲ. ತಿಂಗಳ ಕಂತೊಂದಕ್ಕೆ ಹೆದರಿ ಇಷ್ಟೆಲ್ಲ ಮೈಮೇಲೆ ಎಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಹೊಸದಾಗಿ ಕೊಳ್ಳುವ ಯೋಚನೆ ಇದ್ದರೆ ಮಾತ್ರ ದೊಡ್ಡ ಕಂತು ಮುಗಿದು ಒಂದೆರಡು ವಾರ ಕಳೆಯಲಿ. ಕಾಯುವುದಕ್ಕೆ ತೆರಿಗೆ ಇಲ್ಲ.