ಕ್ಲಚ್ ಕವರಿನ ಸ್ಕ್ರೂ ಅಲುಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಅಪ್ಪನ 1984ರ ಯೆಜ್ಡಿ ರೋಡ್‌ಕಿಂಗ್ 12 ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಈಗ ರಿಪೇರಿಗೆ ಇಳಿದಿದ್ದೇನೆ. ಕ್ಲಚ್ ಕವರಿನ ಎರಡು ಸ್ಕ್ರೂ ಏನು ಮಾಡಿದರೂ ತಿರುಗುತ್ತಿಲ್ಲ, ಒಂದರ ಸೀಳು ಪೂರ್ತಿ ಸವೆದಿದೆ. ಉದ್ದನೆಯ ಪೈಪು ಸಿಕ್ಕಿಸಿ ಬಲವಾಗಿ ತಿರುಗಿಸಲೇ?
– ಓದುಗರು, ಕುಂದಾಪುರ

ಉತ್ತರ: ಪೈಪನ್ನು ಪಕ್ಕಕ್ಕಿಡಿ. ಸ್ಕ್ರೂ ಎಂಜಿನ್ ಕೇಸಿನೊಳಗೆ ಮುರಿದರೆ ಈಗಿನ ಎರಡು ದಿನದ ಕೆಲಸ ಲೇತ್ ಅಂಗಡಿಯ ಕೆಲಸವಾಗುತ್ತದೆ.

ನಿಮ್ಮೂರಿನ ಗಾಳಿಯಲ್ಲಿ ಉಪ್ಪಿದೆ. ಉಕ್ಕಿನ ಸ್ಕ್ರೂ, ಅಲ್ಯುಮಿನಿಯಂ ಕೇಸು, ನಡುವೆ ಉಪ್ಪಿನ ತೇವ: ಇದೊಂದು ಪುಟ್ಟ ಬ್ಯಾಟರಿಯೇ ಸರಿ. ಅಲ್ಯುಮಿನಿಯಂ ಸವೆದು ಬಿಳಿ ಪುಡಿಯಾಗಿ, ಥ್ರೆಡ್ಡಿನ ಸಂದಿನಲ್ಲಿ ಗಾರೆಯಂತೆ ಗಟ್ಟಿಯಾಗಿ ಕೂರುತ್ತದೆ. ಬರೀ ತೋಳಿನ ಬಲಕ್ಕೆ ಅದು ಬಿಡುವುದಿಲ್ಲ.

ಸೀಳಿನ ಕೊಳೆಯನ್ನು ಮೊನಚು ತಂತಿಯಿಂದ ಕೆರೆದು ತೆಗೆಯಿರಿ. ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಸ್ಕ್ರೂವಿನ ತಲೆಗೆ ಸಣ್ಣ ಸುತ್ತಿಗೆಯಿಂದ ನೇರವಾಗಿ ಹತ್ತಾರು ಬಾರಿ ತಟ್ಟಿ. ಎಣ್ಣೆ ಒಳಗಿಳಿಯುವುದು ಈ ಅದುರಿನಿಂದಲೇ. ರಾತ್ರಿ ಬಿಟ್ಟು ಬೆಳಗ್ಗೆ ಮತ್ತೆ ಮಾಡಿ, ಎರಡು ಮೂರು ದಿನ ಹೀಗೇ ನಡೆಯಲಿ. ಆಮೇಲೆ ಸೀಳಿಗೆ ಸರಿಯಾಗಿ ಕೂರುವ ಬಿಟ್ ಹಾಕಿದ ಇಂಪ್ಯಾಕ್ಟ್ ಡ್ರೈವರ್ ಬಳಸಿ, ಸುತ್ತಿಗೆಯಿಂದ ಹೊಡೆದು ಬಿಡಿಸುವ ಸಾಧನ ಅದು. ಮೊದಲ ಏಟು ಬಿಗಿಯುವ ದಿಕ್ಕಿಗಿರಲಿ. ಕೂದಲೆಳೆಯಷ್ಟು ಸರಿದರೂ ಆ ಪುಡಿ ಒಡೆಯುತ್ತದೆ.

ಇದಕ್ಕೂ ಜಗ್ಗದಿದ್ದರೆ ಬಿಸಿ. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಬಿಸಿ ಮಾಡಬೇಕಾದ್ದು ಸ್ಕ್ರೂವನ್ನಲ್ಲ, ಸುತ್ತಲಿನ ಕೇಸನ್ನು. ಹಾಟ್ ಏರ್ ಗನ್ ಸಾಕು. ಆದರೆ ಮೊದಲು ಪೆಟ್ರೋಲ್ ಟ್ಯಾಂಕ್, ಕಾರ್ಬ್ಯುರೇಟರ್ ಎರಡನ್ನೂ ಕಳಚಿ ದೂರ ಇಡಿ, ಹಚ್ಚಿದ ಎಣ್ಣೆಯನ್ನೂ ಚೆನ್ನಾಗಿ ಒರೆಸಿ. ಇದನ್ನು ಯಾವ ಕಾರಣಕ್ಕೂ ಮರೆಯಬೇಡಿ.

ಸೀಳು ಸವೆದ ಸ್ಕ್ರೂವಿಗೆ ಬೇರೆ ದಾರಿ. ತಲೆಯ ನಡುವೆ ಪಂಚ್ ಮಾಡಿ, ತಲೆ ಕಳಚುವವರೆಗೆ ಮಾತ್ರ ಡ್ರಿಲ್ ಮಾಡಿ. ಉಳಿದ ಸ್ಕ್ರೂ ಬಿಟ್ಟ ಮೇಲೆ ಕವರ್ ಎಳೆದರೆ ಬರುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಗಾಯವಾದ ಮೈ ಆಮೇಲೆ ಆಯಿಲ್ ಸೋರುತ್ತದೆ. ಕೇಸಿನಿಂದ ಹೊರಗೆ ನಿಂತ ತುಂಡನ್ನು ವೈಸ್ ಗ್ರಿಪ್‌ನಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ತಲೆಯ ಬಿಗಿತ ಹೋಗಿರುವುದರಿಂದ ಬಹಳ ಸಲ ಸುಲಭವಾಗಿ ಬರುತ್ತದೆ. ಸ್ಕ್ರೂವಿನ ನಡುವೆ ತೂತು ಕೊರೆದು, ಅದರೊಳಗೆ ಕಚ್ಚಿಸಿ ತಿರುಗಿಸುವ ಈಜಿ ಔಟ್ ಅನ್ನು ಮಾತ್ರ ನಾನು ಹೇಳುವುದಿಲ್ಲ. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು.

ತೆಗೆದ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಮತ್ತೆ ಹಾಕುವಾಗ ಥ್ರೆಡ್ಡಿಗೆ ಸ್ವಲ್ಪ ಕಾಪರ್ ಗ್ರೀಸ್ ಸವರಿ, ಬಿಗಿಯುವಾಗ ಕೈ ಹಗುರವಾಗಿರಲಿ.